ಸಂಪತ್ತಿನ ದಾಖಲೆಗಳು: ಸಾಮಾಜಿಕ ಅಸಮಾನತೆಯ ಇತಿಹಾಸಕ್ಕೆ ಸಿರಿವಂತರ ಅಧ್ಯಯನ

ಬಡತನವನ್ನು ಕುರಿತ ಗ್ರಂಥಗಳು ನಮ್ಮ ಗ್ರಂಥಭಂಡಾರಗಳಲ್ಲಿ ಹೇರಳವಾಗಿವೆ. ದಾದಾಭಾಯಿ ನವರೋಜಿಯವರು 1867–70ರ ಅವಧಿಗೆ ಹಿಂದೂದೇಶದ ಪ್ರಜೆಯೊಬ್ಬನ ವಾರ್ಷಿಕ ವರಮಾನ ಸರಾಸರಿ 20 ರೂಪಾಯಿ ಎಂದು ಗಣಿಸಿದಂದಿನಿಂದ ಮೊದಲ್ಗೊಂಡು, ದಾಂಡೇಕರ್ ಮತ್ತು ರಥ್ ಅವರು 1971ರಲ್ಲಿ ಭಾರತದ ಬಡತನವನ್ನು ಕುರಿತು ಪ್ರಕಟಿಸಿದ ಗ್ರಂಥವನ್ನೂ ದಾಟಿ ಇಂದಿನವರೆಗೆ, ಉಣ್ಣುವುದೆಷ್ಟು, ಉಡುವುದೆಷ್ಟು, ತಿಂಗಳಿಗೆ ಖರ್ಚೆಷ್ಟು ಎಂಬ ಪ್ರಶ್ನೆಗಳನ್ನು ಬಡವನ ಮುಂದಿಟ್ಟು ಉತ್ತರ ಬರೆದುಕೊಳ್ಳುವ ಕಾರ್ಯ ಎಡೆಬಿಡದೆ ನಡೆದಿದೆ. ಈ ಕಾರ್ಯದ ಹಿರಿಮೆಯನ್ನು ನಾವು ಕಿರಿದುಮಾಡುವವರಲ್ಲ. ಆದರೆ ಅಸಮಾನತೆ ಎಂಬುದು ಇಬ್ಬರ ನಡುವಣ ಸಂಬಂಧದ ಹೆಸರು. ತಕ್ಕಡಿಯ ಒಂದು ತಟ್ಟೆಯನ್ನು ಎಷ್ಟು ಕಾಲ ದಿಟ್ಟಿಸಿ ನೋಡಿದರೂ ಇನ್ನೊಂದು ತಟ್ಟೆಯಲ್ಲಿ ಏನಿದೆಯೆಂಬುದು ತಿಳಿಯಲಾರದು. ಸಿರಿವಂತನ ಮನೆಗೆ ಹೋಗಿ ಇಂಥ ಪ್ರಶ್ನೆಗಳನ್ನು ಕೇಳಿದವರು ಬಹಳ ಕಡಮೆ. ಕೇಳಿದರೂ ಉತ್ತರ ಪಡೆದವರು ಇನ್ನೂ ಕಡಮೆ. ಹಾಗಾದರೆ ಸಂಪತ್ತಿನ ಇತಿಹಾಸವನ್ನು ಯಾವ ಆಕರಗಳಿಂದ ಬರೆಯಬೇಕು, ಆ ಆಕರಗಳು ನಮ್ಮ ದೇಶದಲ್ಲಿ ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಮಾಡಲು ಯತ್ನಿಸಿದ್ದೇವೆ.

ಪಾಶ್ಚಾತ್ಯ ದೇಶಗಳಲ್ಲಿಯೂ ಅಧ್ಯಯನ ಮೊದಲಾದುದು ಹೀಗೆ ಒಂದು ಕಡೆಯಿಂದಲೇ. ಚಾರ್ಲ್ಸ್ ಬೂತ್ ಎಂಬ ಹಡಗು ಉದ್ಯಮಿ 1886ರಿಂದ 1903ರವರೆಗೆ ಲಂಡನ್ ನಗರದ ಜನಜೀವನವನ್ನು ಪರಿಶೀಲಿಸಿ 17 ಸಂಪುಟಗಳನ್ನು ಹೊರತಂದನು. ನೂರಕ್ಕೆ 30.7 ಮಂದಿ ಬಡತನದಲ್ಲಿದ್ದಾರೆಂಬ ಅವನ ಗಣನೆ ಅಂದಿನ ಇಂಗ್ಲೆಂಡನ್ನು ಬೆಚ್ಚಿಬೀಳಿಸಿತು. ಅವನು ಸಿದ್ಧಪಡಿಸಿದ ಭೂಪಟದಲ್ಲಿ ಅತ್ಯಂತ ದರಿದ್ರವಾದ ಬೀದಿಗೆ ಕಪ್ಪು ಬಣ್ಣ, ಧನಿಕರ ಬೀದಿಗೆ ಹಳದಿ ಬಣ್ಣ. ಆದರೆ ಮಾಹಿತಿ ಬಂದುದು ಬಹುಮಟ್ಟಿಗೆ ಶಾಲಾ ಮಂಡಳಿಯ ಸಂದರ್ಶಕರಿಂದ. ಮಕ್ಕಳು ಶಾಲೆಗೆ ಬರುತ್ತಿರುವರೇ ಎಂದು ವಿಚಾರಿಸಲು ದುಡಿಯುವ ಜನರ ಮನೆಬಾಗಿಲಿಗೆ ಹೋಗುತ್ತಿದ್ದ ಈ ಅಧಿಕಾರಿಗಳಿಗೆ ಹಳದಿ ಬೀದಿಗಳಲ್ಲಿ ಕೆಲಸವಿರಲಿಲ್ಲ. ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸೀಬೋಮ್ ರೌನ್‌ಟ್ರೀಯದು. ಚಾಕೊಲೇಟ್ ತಯಾರಕರ ಮನೆತನದ ಈತನು 1899ರಲ್ಲಿ ಯಾರ್ಕ್ ಪಟ್ಟಣದ 11,560 ಕುಟುಂಬಗಳನ್ನು ವಿಚಾರಿಸಿ, ಪಟ್ಟಣದ ನೂರಕ್ಕೆ 27.84 ಮಂದಿ ಬಡವರೆಂದು 1901ರಲ್ಲಿ ಪ್ರಕಟಿಸಿದನು. ಮನೆಯಲ್ಲಿ ಆಳನ್ನು ಇಟ್ಟುಕೊಂಡಿದ್ದ ಕುಟುಂಬಗಳನ್ನು ಈ ವಿಚಾರಣೆಯಿಂದ ಅವನು ಹೊರಗಿಟ್ಟಿದ್ದನು. ಆಳು ಎಣಿಕೆಯೊಳಗೆ ಬರಬಹುದು, ಒಡೆಯ ಬರಬೇಕಾಗಿಲ್ಲ! ರೌನ್‌ಟ್ರೀಯ ಉದ್ದೇಶ ಬಡತನವನ್ನು ಅಳೆಯುವುದಾಗಿದ್ದರಿಂದ ಇದರಲ್ಲಿ ಅವನ ತಪ್ಪೇನೂ ಇಲ್ಲ. ಆದರೂ ಆ ಗೆರೆ ಬಹುಕಾಲ ಸಮಾಜ ವಿಜ್ಞಾನಗಳ ಗೆರೆಯಾಗಿಯೇ ಉಳಿಯಿತೆಂಬುದನ್ನು ಗಮನಿಸಬೇಕು.

ಸಿರಿವಂತರು ತಾವಾಗಿ ದಾಖಲೆಗೆ ಬರುವ ಸಂದರ್ಭಗಳು ಮುಖ್ಯವಾಗಿ ಮೂರು: ದಾನ ಕೊಡುವಾಗ, ಸಾಯುವಾಗ, ತೆರಿಗೆ ತೆರುವಾಗ. ಮೊದಲನೆಯದು ಇಚ್ಛೆಯಿಂದ, ಎರಡನೆಯದು ವಿಧಿಯಿಂದ, ಮೂರನೆಯದು ಕಾಯಿದೆಯ ಬಲದಿಂದ. ನಾಲ್ಕನೆಯದಾಗಿ ವ್ಯಾಜ್ಯ ಹೂಡುವಾಗ ಎಂಬುದನ್ನೂ ಸೇರಿಸಬಹುದು. ಅದರ ಮಾತು ಕೊನೆಯಲ್ಲಿ ಬರುತ್ತದೆ.

ದಾನದ ದಾಖಲೆಗಳ ವಿಷಯದಲ್ಲಿ ಕರ್ಣಾಟಕದಷ್ಟು ಭಾಗ್ಯಶಾಲಿಯಾದ ಪ್ರದೇಶಗಳು ಹೆಚ್ಚಿಲ್ಲ. ಬಿ. ಎಲ್. ರೈಸ್ ಅವರು 1886ರಿಂದ ಮೊದಲುಮಾಡಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ಬಿಡಿಸಿ ನೋಡಿದರೆ, ಅವುಗಳಲ್ಲಿರುವ ಶಾಸನಗಳಲ್ಲಿ ಬಹುಪಾಲು ಉಳ್ಳವರು ಕೊಟ್ಟುದರ ಲೆಕ್ಕವೇ ಎಂಬುದು ತಿಳಿಯುತ್ತದೆ. ಲಕ್ಕುಂಡಿಯ 1007ರ ಶಾಸನದಿಂದ ಪ್ರಸಿದ್ಧಳಾದ ದಾನಚಿಂತಾಮಣಿ ಅತ್ತಿಮಬ್ಬೆ ಚಾಳುಕ್ಯ ಸೇನಾನಿ ನಾಗದೇವನ ಪತ್ನಿ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು, ಒಂದೂವರೆ ಸಾವಿರ ಜಿನಬಿಂಬಗಳನ್ನು ಮಾಡಿಸಿಕೊಟ್ಟಳೆಂದು ಆಕೆಯ ಖ್ಯಾತಿ. ಇಲ್ಲಿ ದೊಡ್ಡ ಸಂಪತ್ತಿನ ದರ್ಶನ ನಮಗಾಗುತ್ತದೆ. ಆದರೆ ಆಗುವುದು ಅದು ಕೈಬಿಟ್ಟು ಹೋಗುವ ಕ್ಷಣದಲ್ಲಿ. ಅದು ಕೂಡಿಬಂದ ಬಗೆಯನ್ನು, ಕೊಟ್ಟ ಮೇಲೆ ಉಳಿದುದರ ಮೊತ್ತವನ್ನು ಶಾಸನ ಹೇಳುವುದಿಲ್ಲ. ಶಾಸನದಲ್ಲಿ ಐಶ್ವರ್ಯ ಕಾಣಿಸಿಕೊಳ್ಳುವುದು ಪುಣ್ಯದ ವೇಷದಲ್ಲಿ ಮಾತ್ರ. ದಾನಮಾಡದ ಸಿರಿವಂತ ಶಾಸನಕ್ಕೆ ಇಲ್ಲದವನೇ.

ಆದರೂ ಎಚ್ಚರದಿಂದ ಓದುವವರಿಗೆ ಶಾಸನಗಳು ತಮ್ಮ ಉದ್ದೇಶಕ್ಕಿಂತ ಹೆಚ್ಚನ್ನು ತಿಳಿಸುತ್ತವೆ. ಶಿಕಾರಿಪುರ ಸೀಮೆಯ 11ನೆಯ ಶತಮಾನದ ಶಾಸನವೊಂದು ಅಯ್ಯಾವೊಳೆಯ ಐನೂರ್ವರ ವ್ಯಾಪಾರವನ್ನು ವರ್ಣಿಸುತ್ತದೆ. ಆನೆ, ಜಾತ್ಯಶ್ವ, ನೀಲ, ಮುತ್ತು, ಮಾಣಿಕ್ಯಗಳಿಂದ ಹಿಡಿದು ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳವರೆಗೆ ಅವರ ಸರಕು ಹಬ್ಬಿದೆ. ಇವುಗಳನ್ನು ಸಗಟಾಗಿ ಮಾರುವವರನ್ನೂ ಹೆಗಲ ಮೇಲೆ ಹೊತ್ತು ಮಾರುವವರನ್ನೂ ಆ ಶಾಸನ ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ. ಒಂದೇ ಬಿರುದಾವಳಿಯ ನೆರಳಿನಲ್ಲಿ ಆನೆ ಮಾರುವವನೂ ಹೊರೆ ಹೊರುವವನೂ ಇದ್ದರೆಂಬ ಈ ಒಂದು ಮಾತು, ವರ್ತಕ ಸಂಘವನ್ನು ಸಮಾನರ ಕೂಟವೆಂದು ಬಗೆಯುವ ನಮ್ಮ ರೂಢಿಯನ್ನು ಅಲುಗಿಸಲು ಸಾಕು. ಅಂತೆಯೇ ಭೂದಾನದ ಶಾಸನಗಳಲ್ಲಿ ಮತ್ತರು, ಕಂಬಗಳ ಲೆಕ್ಕವಿದೆ. ಬಿಟ್ಟುಕೊಟ್ಟ ಸಿದ್ಧಾಯ ಮೊದಲಾದ ತೆರೆಗಳ ಪಟ್ಟಿಯಿದೆ. ಸರ್ವಮಾನ್ಯವಾದ ಭೂಮಿಯಿಂದ ಅರಮನೆಗೆ ತೆರೆ ಬರುವುದು ನಿಂತಿತು. ಆದರೆ ಅದನ್ನು ಉಳುವವನು ಬೆಳೆಯ ಪಾಲನ್ನು ಕೊಡುವುದು ನಿಲ್ಲಲಿಲ್ಲ. ಪಡೆಯುವವರು ಬದಲಾದರು, ಅಷ್ಟೆ. ಹೀಗೆ ಏರ್ಪಟ್ಟ ಹಕ್ಕುಗಳ ವ್ಯವಸ್ಥೆ ಎಷ್ಟು ದೀರ್ಘಾಯುವಾಗಿತ್ತೆಂದರೆ, ಅದರ ಕೊನೆಯ ಉಳಿಕೆಗಳನ್ನು ತೊಡೆಯಲು ಮೈಸೂರು ಸರ್ಕಾರವು 1954ರಲ್ಲಿ ವೈಯಕ್ತಿಕ ಮತ್ತು ಸಂಕೀರ್ಣ ಇನಾಮುಗಳ ರದ್ದಿಯಾತಿಗೊಂದು, 1955ರಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯಾತಿಗೊಂದು ಕಾಯಿದೆಯನ್ನು ಮಾಡಬೇಕಾಯಿತು. ಬಡವನಿಗೆ ಶಾಸನದಲ್ಲಿ ಹೆಸರು ಸಿಕ್ಕುವ ಸಂದರ್ಭ ಪ್ರಾಯಃ ಒಂದೇ: ಊರ ತುರುಗಳನ್ನು ಉಳಿಸಲು ಹೋರಾಡಿ ಸತ್ತಾಗ. ಆಗ ವೀರಗಲ್ಲು ನಿಲ್ಲುತ್ತದೆ. ಉಳಿದವರಿಗೆ ನೆತ್ತರುಗೊಡಗೆಯೆಂದು ತುಂಡು ನೆಲ ದೊರೆಯುತ್ತದೆ.

ಎರಡನೆಯ ಆಕರ ಮರಣ. ಇಂಗ್ಲೆಂಡಿನಲ್ಲಿ 1858ರಿಂದ ಮೃತರ ಉಯಿಲುಗಳನ್ನು ಪ್ರಮಾಣೀಕರಿಸುವ ಅಧಿಕಾರ ಸರ್ಕಾರದ ನ್ಯಾಯಾಲಯಕ್ಕೆ ಬಂದು, ಮೃತನ ಹೆಸರು, ವೃತ್ತಿ, ಬಿಟ್ಟುಹೋದ ಆಸ್ತಿಯ ಬೆಲೆಗಳನ್ನು ವರ್ಷವರ್ಷವೂ ಅಕಾರಾದಿಯಾಗಿ ಅಚ್ಚುಮಾಡುವ ಪದ್ಧತಿ ಬಂದಿತು. ಈ ಪಟ್ಟಿಗಳಿಂದ ಏನನ್ನು ತಿಳಿಯಬಹುದೆಂಬುದಕ್ಕೆ ಡಬ್ಲ್ಯು. ಡಿ. ರೂಬಿನ್‌ಸ್ಟೈನ್ ಅವರು 1981ರಲ್ಲಿ ಪ್ರಕಟಿಸಿದ ಸಂಶೋಧನೆ ನಿದರ್ಶನ. ಕೈಗಾರಿಕಾ ಕ್ರಾಂತಿಯ ನಾಡಿನಲ್ಲಿ ಅತ್ಯಂತ ಶ್ರೀಮಂತರಾದವರು ಮ್ಯಾಂಚೆಸ್ಟರಿನ ಗಿರಣಿ ಒಡೆಯರೇ ಇರಬೇಕೆಂದು ಎಲ್ಲರೂ ನಂಬಿದ್ದರು. ಮೃತರ ಪಟ್ಟಿಗಳು ಬೇರೆಯ ಕಥೆಯನ್ನೇ ಹೇಳಿದವು. 19ನೆಯ ಶತಮಾನದ ಬಹುಭಾಗದಲ್ಲಿ ದೊಡ್ಡ ಭೂಮಾಲಿಕರೇ ಮುಂದಿದ್ದರು. ಅವರನ್ನು ಬಿಟ್ಟರೆ ಹೆಚ್ಚಿನ ಸಂಪತ್ತು ಲಂಡನ್ನಿನ ವರ್ತಕರ, ಲೇವಾದೇವಿಗಾರರ, ಬ್ಯಾಂಕು ಒಡೆಯರ ಕೈಯಲ್ಲಿತ್ತು. ಗಿರಣಿ ಒಡೆಯರು ಅವರ ಹಿಂದೆ ಇದ್ದರು. ಕಾರ್ಮಿಕರ ಜೀವನವನ್ನು ನೂರು ವರ್ಷ ಅಧ್ಯಯನ ಮಾಡಿದ್ದರೂ ಈ ಸಂಗತಿ ಹೊರಬರುತ್ತಿರಲಿಲ್ಲ. 1898ರವರೆಗೆ ಭೂಮಿಯ ಬೆಲೆ ಈ ಪಟ್ಟಿಗಳ ಮೊತ್ತದಲ್ಲಿ ಸೇರುತ್ತಿರಲಿಲ್ಲವಾಗಿ ಭೂಮಾಲಿಕರ ವಿಷಯವನ್ನು ಬೇರೆ ದಾಖಲೆಗಳಿಂದ ತುಂಬಿಕೊಳ್ಳಬೇಕಾಗುತ್ತದೆಂಬುದನ್ನೂ ಇಲ್ಲಿ ಹೇಳಬೇಕು. ಒಂದು ವರ್ಷದಲ್ಲಿ ತೀರಿಕೊಂಡವರನ್ನು ಬದುಕಿರುವವರ ಮಾದರಿಯೆಂದು ಭಾವಿಸಿ, ಆಯಾ ವಯಸ್ಸಿನ ಮರಣಪ್ರಮಾಣದಿಂದ ಅವರ ಆಸ್ತಿಯನ್ನು ಗುಣಿಸಿ, ಇಡೀ ದೇಶದ ಸಂಪತ್ತಿನ ಹಂಚಿಕೆಯನ್ನು ಕಂಡುಕೊಳ್ಳುವ ಕ್ರಮವೂ 20ನೆಯ ಶತಮಾನದ ಆರಂಭದಲ್ಲಿ ಅಲ್ಲಿ ಬೆಳೆಯಿತು. ಸತ್ತವರು ಬದುಕಿರುವವರ ಪರವಾಗಿ ಸಾಕ್ಷಿ ನುಡಿಯುವ ಈ ಕ್ರಮ ಗಣಿತದಲ್ಲಿ ಸರಳ, ಫಲದಲ್ಲಿ ದೊಡ್ಡದು.

ಈ ದಾರಿ ನಮ್ಮ ದೇಶದಲ್ಲಿ ಸುಗಮವಾಗಲಿಲ್ಲ. ಅದಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ಕನ್ನಡ ನಾಡಿನ ಕಲ್ಯಾಣಕ್ಕೇ ಬಂದು ನಿಲ್ಲುತ್ತೇವೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರ’ದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ತಂದೆ ಸತ್ತಾಗ ಅವಿಭಕ್ತ ಕುಟುಂಬದ ಆಸ್ತಿ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತೆನ್ನುವಂತಿಲ್ಲ. ಉಳಿದವರ ಪಾಲು ಹಿಗ್ಗಿತೆನ್ನಬೇಕು. ಮರಣದಿಂದ ಹಕ್ಕು ಹುಟ್ಟದ ಕಡೆ ಮರಣದ ದಾಖಲೆಯೂ ಹುಟ್ಟದು. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿಯೂ ಕುಟುಂಬದ ಆಸ್ತಿ ಒಬ್ಬ ಯಜಮಾನನ ಸಾವಿನಿಂದ ಒಡೆಯುತ್ತಿರಲಿಲ್ಲ. ಉಯಿಲನ್ನು ನ್ಯಾಯಾಲಯದಲ್ಲಿ ಪ್ರಮಾಣೀಕರಿಸಬೇಕೆಂಬ ನಿಯಮ ಎಲ್ಲ ಕಡೆಗೂ ಎಲ್ಲ ಮತದವರಿಗೂ ಒಂದೇ ಆಗಿರಲಿಲ್ಲ. ಈ ಸ್ಥಿತಿಯನ್ನು ಬದಲಾಯಿಸಿದುದು 1953ರ ಮೃತಾಸ್ತಿ ಸುಂಕದ ಕಾಯಿದೆ, ಎಂದರೆ ಎಸ್ಟೇಟ್ ಡ್ಯೂಟಿ. ಮಿತಾಕ್ಷರ, ಮರುಮಕ್ಕತ್ತಾಯಂ, ಅಳಿಯಸಂತಾನ ಪದ್ಧತಿಗಳನ್ನು ಹೆಸರಿಸಿಯೇ, ಅವಿಭಕ್ತ ಆಸ್ತಿಯಲ್ಲಿ ಮೃತನಿಗಿದ್ದ ಪಾಲನ್ನು ಲೆಕ್ಕಹಾಕಿ ಸುಂಕ ವಿಧಿಸಬೇಕೆಂದು ಆ ಕಾಯಿದೆ ನಿಯಮಿಸಿತು. ವಿಜ್ಞಾನೇಶ್ವರನ ಕಾಲದಿಂದ ಎಣಿಕೆಗೆ ಸಿಕ್ಕದಿದ್ದುದು ಮೊದಲ ಬಾರಿಗೆ ಎಣಿಕೆಗೆ ಸಿಕ್ಕಿತು. ಅದು ನಡೆದದ್ದು 32 ವರ್ಷಗಳಷ್ಟು ಮಾತ್ರ.

ಈಗ ತೆರಿಗೆಯ ದಾಖಲೆಗಳಿಗೆ ಬರೋಣ. ವರಮಾನ ತೆರಿಗೆಯ ಕೋಷ್ಟಕಗಳನ್ನು ಅಸಮಾನತೆಯ ಅಧ್ಯಯನಕ್ಕೆ ಮೊದಲು ಬಳಸಿ ಹೆಸರಾದವನು ಇಟಲಿಯ ವಿಲ್ಫ್ರೆಡೊ ಪರೇಟೊ. 1896–97ರಲ್ಲಿ ಅವನು ಇಂಗ್ಲೆಂಡು, ಪ್ರಷ್ಯಾ, ಸ್ಯಾಕ್ಸನಿ ಮೊದಲಾದ ಕಡೆಗಳ ಕೋಷ್ಟಕಗಳನ್ನು ಹೋಲಿಸಿ, ಎಲ್ಲೆಡೆಯೂ ವರಮಾನದ ಹಂಚಿಕೆ ಒಂದೇ ಆಕಾರದ ರೇಖೆಯನ್ನು ಅನುಸರಿಸುತ್ತದೆಂದು ಹೇಳಿದನು. ಇದು ನಿಸರ್ಗ ನಿಯಮವೆಂದೂ, ಅಸಮಾನತೆಯನ್ನು ಬದಲಾಯಿಸಲು ಹೊರಡುವುದು ವ್ಯರ್ಥವೆಂದೂ ಅರ್ಥಮಾಡಿದವರುಂಟು. ಅಮೆರಿಕದ ಸೈಮನ್ ಕುಜ್ನೆಟ್ಸ್ 1953ರಲ್ಲಿ ಅದೇ ಬಗೆಯ ಕೋಷ್ಟಕಗಳನ್ನು 1913ರಿಂದ 1948ರವರೆಗೆ ಜೋಡಿಸಿ ನೋಡಿದಾಗ, ಮೇಲ್ಪದರದವರ ಪಾಲು ಗಣನೀಯವಾಗಿ ಇಳಿದುದು ಕಂಡುಬಂದಿತು. ಒಂದು ವರ್ಷದ ಕೋಷ್ಟಕ ನಿಯಮದಂತೆ ಕಾಣುತ್ತದೆ. ನಲವತ್ತು ವರ್ಷಗಳ ಕೋಷ್ಟಕ ಚರಿತ್ರೆಯಾಗುತ್ತದೆ.

ಭಾರತದಲ್ಲಿ ವರಮಾನ ತೆರಿಗೆಯನ್ನು 1860ರಲ್ಲಿ ಜೇಮ್ಸ್ ವಿಲ್ಸನ್ ತಂದನು. 1857ರ ದಂಗೆಯ ಬಳಿಕ ಬರಿದಾಗಿದ್ದ ಬೊಕ್ಕಸವೇ ಅದಕ್ಕೆ ಕಾರಣ. ಅದು ಐದು ವರ್ಷ ನಡೆದು ನಿಂತು, 1886ರಲ್ಲಿ ಸ್ಥಿರರೂಪ ಪಡೆಯಿತು. ಆಗಲೇ ಕೃಷಿ ವರಮಾನವನ್ನು ಅದರಿಂದ ಹೊರಗಿಡಲಾಯಿತು. 1922ರ ಕಾಯಿದೆಯ ಬಳಿಕ ವರಮಾನದ ವರ್ಗಕ್ಕನುಸಾರವಾಗಿ ತೆರಿಗೆದಾರರ ಸಂಖ್ಯೆಯನ್ನೂ ಮೊತ್ತವನ್ನೂ ಕೊಡುವ ಕೋಷ್ಟಕಗಳು ಕ್ರಮವಾಗಿ ಅಚ್ಚಾಗತೊಡಗಿದವು. ಈ ಕೋಷ್ಟಕಗಳು ಹಲವು ದಶಕ ಧೂಳು ತಿನ್ನುತ್ತ ಬಿದ್ದಿದ್ದವು. ಆ ದಶಕಗಳಲ್ಲಿಯೇ, ಅವುಗಳ ಕಡೆಗೆ ಯಾರೂ ಕೈಚಾಚದೆ, ದೇಶದ ಸಂಸತ್ತಿನಲ್ಲಿ ಅಸಮಾನತೆಯನ್ನು ಕುರಿತ ಒಂದು ಐತಿಹಾಸಿಕ ವಾಗ್ವಾದ ನಡೆಯಿತೆಂಬುದು ಕುತೂಹಲಕರ.

1960ರಲ್ಲಿ ಪ್ರಧಾನಿ ನೆಹರೂ ಅವರೇ, ಎರಡು ಯೋಜನೆಗಳಿಂದ ಹೆಚ್ಚಿದ ರಾಷ್ಟ್ರೀಯ ವರಮಾನ ಎಲ್ಲಿಗೆ ಹೋಯಿತೆಂಬ ಪ್ರಶ್ನೆಯನ್ನು ಲೋಕಸಭೆಯಲ್ಲಿ ಎತ್ತಿದ್ದರು. ಅದಕ್ಕೆ ಉತ್ತರ ಹುಡುಕಲು ಮಹಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಅದೇ ವರ್ಷ ನೇಮಕವಾಗಿ 1964ರಲ್ಲಿ ವರದಿಯ ಮೊದಲ ಭಾಗವನ್ನು ಕೊಟ್ಟಿತು. ಅದಕ್ಕೆ ಒಂದು ವರ್ಷ ಮೊದಲು, 1963ರಲ್ಲಿ, ಫರೂಖಾಬಾದ್ ಉಪಚುನಾವಣೆಯಲ್ಲಿ ಗೆದ್ದು ಬಂದ ರಾಮಮನೋಹರ ಲೋಹಿಯಾ ಅವರು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಸಭೆಯಲ್ಲಿ ಸಾರಿದರು. ಪ್ರಧಾನಿಗಳು ಹದಿನೈದಾಣೆ ಎಂದರು. ಯೋಜನಾ ಸಚಿವ ಗುಲ್ಜಾರಿಲಾಲ್ ನಂದಾ ಅವರು ಏಳೂವರೆ ಆಣೆ ಎಂದರು. ಪ್ರಧಾನಿಗಳ ಸಂಖ್ಯೆ ರಾಷ್ಟ್ರೀಯ ವರಮಾನದ ಸರಾಸರಿ. ಸಿರಿವಂತನ ರೂಪಾಯಿಯನ್ನೂ ಬಡವನ ಆಣೆಯನ್ನೂ ಒಂದೇ ಚೀಲಕ್ಕೆ ಸುರಿದು ಹಂಚಿದುದು. ಈ ವಾದವನ್ನು ಇಂದು ನೆನೆಯುವವರು ಮೂರಾಣೆ ಸರಿಯೋ ಹದಿನೈದಾಣೆ ಸರಿಯೋ ಎಂದು ಕೇಳುತ್ತಾರೆ. ನಮಗೆ ಹೆಚ್ಚು ಮುಖ್ಯವಾಗಿ ತೋರುವುದು ಲೋಹಿಯಾ ಅವರು ಮೂರಾಣೆಯ ಪಕ್ಕದಲ್ಲಿಟ್ಟ ಇನ್ನೊಂದು ಸಂಖ್ಯೆ: ಪ್ರಧಾನಿಗಳ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆಯೆಂಬ ಅವರ ಆರೋಪ. ಆ ಮೊತ್ತ ವಿವಾದಕ್ಕೆ ಗುರಿಯಾಯಿತು. ಆದರೆ ಎರಡು ತಟ್ಟೆಗಳನ್ನೂ ಏಕಕಾಲದಲ್ಲಿ ಎತ್ತಿ ತೋರಿಸಿದ ಕ್ರಮವು ಶಾಸ್ತ್ರೀಯವಾಗಿ ಸರಿಯಾದ ಕ್ರಮವೇ. ಬಡವರ ಖರ್ಚನ್ನು ಮಾತ್ರ ಸಮೀಕ್ಷೆ ಮಾಡುತ್ತಿದ್ದ ತಜ್ಞರು ಆ ಕಡೆಗೆ ಹೋಗಿರಲಿಲ್ಲ. ಮುಂದೆ 1965ರಲ್ಲಿ ನ್ಯಾಯಮೂರ್ತಿ ಕೆ. ಸಿ. ದಾಸ್‌ಗುಪ್ತ ಅವರ ಏಕಸ್ವಾಮ್ಯ ವಿಚಾರಣಾ ಆಯೋಗವು 75 ಉದ್ಯಮ ಮನೆತನಗಳನ್ನು ಗುರುತಿಸಿ, ಅವುಗಳಿಗೆ ಸೇರಿದ 1,536 ಕಂಪನಿಗಳು ಸರ್ಕಾರೇತರ, ಬ್ಯಾಂಕೇತರ ಕಂಪನಿಗಳ ಒಟ್ಟು ಆಸ್ತಿಯ ಶೇಕಡ 46.9ರಷ್ಟನ್ನು ಹೊಂದಿವೆಯೆಂದು ತೋರಿಸಿತು.

ಧೂಳು ತಿನ್ನುತ್ತಿದ್ದ ಕೋಷ್ಟಕಗಳನ್ನು ಕೊನೆಗೆ ಒರಸಿ ಓದಿದವರು ಅಭಿಜಿತ್ ಬ್ಯಾನರ್ಜಿ ಮತ್ತು ಥಾಮಸ್ ಪಿಕೆಟ್ಟಿ. 1922ರಿಂದ 2000ದವರೆಗಿನ ಅವರ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಲೂಕಾ ಶಾನ್ಸೆಲ್ ಅವರೊಡನೆ ಪಿಕೆಟ್ಟಿಯವರು 2019ರಲ್ಲಿ ಅದನ್ನು ವಿಸ್ತರಿಸಿದರು. ಅವರ ಗಣನೆಯಂತೆ ಜನಸಂಖ್ಯೆಯ ಶೇಕಡ ಒಂದರಷ್ಟಿರುವ ಅಗ್ರವರ್ಗದ ಪಾಲು 1930ರ ದಶಕದ ಕೊನೆಯಲ್ಲಿ ಒಟ್ಟು ವರಮಾನದ ಸುಮಾರು ಶೇಕಡ 21. 1980ರ ದಶಕದ ಆರಂಭದಲ್ಲಿ ಅದು ಶೇಕಡ 6ಕ್ಕೆ ಇಳಿದು, ಈಚೆಗೆ ಶೇಕಡ 22ಕ್ಕೆ ಏರಿದೆ. ಈ ಲೆಕ್ಕದಲ್ಲಿ ಅಂಶವನ್ನು ಒದಗಿಸಿದುದು ತೆರಿಗೆ ಇಲಾಖೆ. ಛೇದವನ್ನು ಒದಗಿಸಿದುದು ರಾಷ್ಟ್ರೀಯ ವರಮಾನದ ಗಣನೆ. ಆ ಗಣನೆಗೆ ಈ ದೇಶದಲ್ಲಿ ಶಾಸ್ತ್ರೀಯ ತಳಹದಿ ಹಾಕಿದವರಲ್ಲಿ, ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದ ವಿ. ಕೆ. ಆರ್. ವಿ. ರಾವ್ ಅವರೂ ಒಬ್ಬರು. ಛೇದದ ಕೆಲಸ ನಡೆದಷ್ಟು ಶ್ರದ್ಧೆಯಿಂದ ಅಂಶದ ಕೆಲಸವೂ ಅಂದೇ ನಡೆದಿದ್ದರೆ, 1963ರ ವಾದ ಬೇರೊಂದು ಮಟ್ಟದಲ್ಲಿ ನಡೆಯಬಹುದಿತ್ತು.

ಈ ಅಂಕಿಗಳನ್ನು ಕಣ್ಣುಮುಚ್ಚಿ ಒಪ್ಪಬೇಕೆಂದು ನಾವು ಹೇಳುವುದಿಲ್ಲ. ತೆರಿಗೆ ತಪ್ಪಿಸಿಕೊಂಡವನು ಕೋಷ್ಟಕದಲ್ಲಿಲ್ಲ. ತೆರಿಗೆಯ ಪ್ರಮಾಣ ಏರಿದಾಗ ಬಚ್ಚಿಡುವವರು ಹೆಚ್ಚುತ್ತಾರೆ, ಇಳಿದಾಗ ಹೊರಬರುತ್ತಾರೆ. ಆದ್ದರಿಂದ 1970ರ ದಶಕದ ಇಳಿತದಲ್ಲಿ ಒಂದಂಶ ಕಾಗದದ ಮೇಲಿನದಾಗಿರಬಹುದು, ಅನಂತರದ ಏರಿಕೆಯಲ್ಲಿಯೂ ಹಾಗೆಯೇ. ಹಿಂದೂ ಅವಿಭಕ್ತ ಕುಟುಂಬವನ್ನು ಪ್ರತ್ಯೇಕ ತೆರಿಗೆದಾರನೆಂದು ಎಣಿಸುವುದರಿಂದ ಒಂದೇ ಮನೆಯ ಸಂಪತ್ತು ಹಲವು ಹೆಸರುಗಳಲ್ಲಿ ಒಡೆದು ಕಾಣಿಸುತ್ತದೆ. ದೊಡ್ಡ ಭೂಮಾಲಿಕನ ಕೃಷಿ ವರಮಾನ ಕೇಂದ್ರದ ಕೋಷ್ಟಕದಲ್ಲಿ ಇಲ್ಲವೇ ಇಲ್ಲ. ಮೈಸೂರು ರಾಜ್ಯವು 1957ರಲ್ಲಿ ಕೃಷಿ ವರಮಾನ ತೆರಿಗೆಯ ಕಾಯಿದೆಯನ್ನು ಮಾಡಿದರೂ ಅದರ ದಾಖಲೆಗಳನ್ನು ಇದರೊಡನೆ ಜೋಡಿಸಿ ನೋಡುವ ಕೆಲಸ ನಡೆಯಬೇಕಾಗಿದೆ. ರಾಜರ ವಿಷಯವಂತೂ ಇನ್ನೂ ಸೋಜಿಗ. ಮೈಸೂರು ಮಹಾರಾಜರಿಗೆ ಗೊತ್ತುಮಾಡಿದ್ದ ವಾರ್ಷಿಕ ರಾಜಧನ 26 ಲಕ್ಷ ರೂಪಾಯಿ. ರಾಜಧನಕ್ಕೆ ವರಮಾನ ತೆರಿಗೆಯಿಲ್ಲವೆಂದು ಸಂವಿಧಾನವೇ ಹೇಳಿದ್ದರಿಂದ, 1971ರಲ್ಲಿ ಅದು ರದ್ದಾಗುವವರೆಗೆ ಇಷ್ಟು ದೊಡ್ಡ ಮೊತ್ತಕ್ಕೆ ತೆರಿಗೆಯ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಇಷ್ಟು ದೋಷಗಳಿದ್ದರೂ ಇಳಿದು ಏರಿದ ರೇಖೆಯ ಒಟ್ಟು ಆಕಾರವನ್ನು ಅಲ್ಲಗಳೆಯುವುದು ಕಷ್ಟವೆಂದೇ ನಮ್ಮ ಅಭಿಪ್ರಾಯ.

ಧನಿಕರ ಅಧ್ಯಯನವೆಂದರೆ ಧನಿಕರ ಮೇಲಿನ ಮತ್ಸರವೆಂದು ಆಕ್ಷೇಪಿಸುವವರೂ ಇದ್ದಾರೆ. ಬಡವನ ಗುಡಿಸಲಿನ ಮಡಕೆಗಳನ್ನು ಎಣಿಸಿದಾಗ ಯಾರೂ ಅದನ್ನು ಬಡವನ ಮೇಲಿನ ದ್ವೇಷವೆನ್ನಲಿಲ್ಲ. ಅದೇ ಅಳತೆಗೋಲನ್ನು ಇನ್ನೊಂದು ಮನೆಗೂ ಒಯ್ಯಬೇಕೆನ್ನುವುದಷ್ಟೇ ನಮ್ಮ ಬೇಡಿಕೆ.

ಆದರೆ ಅಳತೆಗೋಲೇ ಕೈಜಾರುತ್ತಿದೆಯೆಂಬುದು ಇಲ್ಲಿ ನಾವು ಮುಖ್ಯವಾಗಿ ಹೇಳಬೇಕಾದ ಮಾತು. ಭಾರತ ಸರ್ಕಾರದ ಕೋರಿಕೆಯ ಮೇಲೆ 1956ರಲ್ಲಿ ಇಲ್ಲಿನ ತೆರಿಗೆಗಳನ್ನು ಪರಿಶೀಲಿಸಿದ ಕೇಂಬ್ರಿಜಿನ ನಿಕೋಲಸ್ ಕಾಲ್ಡೊರ್, ವರಮಾನ, ಬಂಡವಾಳದ ಲಾಭ, ಸಂಪತ್ತು, ಖರ್ಚು, ದಾನ ಈ ಐದರ ಮೇಲೂ ತೆರಿಗೆಯಿರಬೇಕೆಂದೂ, ಐದರ ವಿವರವನ್ನೂ ಒಂದೇ ಪತ್ರದಲ್ಲಿ ಕೊಡಿಸಬೇಕೆಂದೂ ಸೂಚಿಸಿದನು. ವರಮಾನ ಬಚ್ಚಿಟ್ಟವನು ಖರ್ಚಿನಲ್ಲಿ ಸಿಕ್ಕಿಬೀಳುತ್ತಾನೆ. ಖರ್ಚು ಮಾಡದೆ ಕೂಡಿಟ್ಟರೆ ಸಂಪತ್ತಿನಲ್ಲಿ ಸಿಕ್ಕಿಬೀಳುತ್ತಾನೆ. ಬೇರೆಯವರಿಗೆ ವರ್ಗಾಯಿಸಿದರೆ ದಾನದಲ್ಲಿ. ಒಂದು ಇನ್ನೊಂದನ್ನು ಪರಿಶೋಧಿಸುವ ಈ ವ್ಯವಸ್ಥೆ ಸಮಗ್ರವಾಗಿ ಜಾರಿಗೆ ಬರಲೇ ಇಲ್ಲ. ಸಂಪತ್ತು ತೆರಿಗೆ, ಖರ್ಚು ತೆರಿಗೆಗಳ ಕಾಯಿದೆಗಳು 1957ರಲ್ಲಿ, ದಾನ ತೆರಿಗೆಯದು 1958ರಲ್ಲಿ ಬಂದವು. ಖರ್ಚು ತೆರಿಗೆ 1962ರಲ್ಲಿ ಹೋಗಿ 1964ರಲ್ಲಿ ಮರಳಿ ಬಂದು 1966ರಲ್ಲಿ ಶಾಶ್ವತವಾಗಿ ಹೋಯಿತು. ಮೃತಾಸ್ತಿ ಸುಂಕ 1985ರ ಮಾರ್ಚಿನಲ್ಲಿ ರದ್ದಾಯಿತು. ದಾನ ತೆರಿಗೆ 1998ರಲ್ಲಿ, ಸಂಪತ್ತು ತೆರಿಗೆ 2015ರ ಮುಂಗಡಪತ್ರದಲ್ಲಿ. ವರಮಾನ ತೆರಿಗೆಯ ವರ್ಗವಾರು ಕೋಷ್ಟಕಗಳ ಪ್ರಕಟಣೆಯೇ 1999–2000ದ ಬಳಿಕ ನಿಂತುಹೋಗಿ, 2016ರಲ್ಲಿ ಪುನಃ ಆರಂಭವಾಯಿತು. 2011–12ಕ್ಕೆ ಹಿಂದಿನ ಆ ಹತ್ತು ಹನ್ನೆರಡು ವರ್ಷಗಳು, ದೇಶದ ಐಶ್ವರ್ಯ ಅತ್ಯಂತ ವೇಗವಾಗಿ ಬೆಳೆದ ವರ್ಷಗಳು, ಕೋಷ್ಟಕದಲ್ಲಿ ಖಾಲಿಯಾಗಿ ಉಳಿದಿವೆ.

ರದ್ದುಮಾಡಿದವರು ಕೊಟ್ಟ ಕಾರಣಗಳು ಹುರುಳಿಲ್ಲದವಲ್ಲ. ಅತ್ಯುಚ್ಚ ಮಟ್ಟದಲ್ಲಿ ಶೇಕಡ 85ರವರೆಗೆ ಏರಿದ್ದ ಮೃತಾಸ್ತಿ ಸುಂಕದಿಂದ ವರ್ಷಕ್ಕೆ ಬರುತ್ತಿದ್ದುದು ಸುಮಾರು 20 ಕೋಟಿ ರೂಪಾಯಿ. ಸಂಪತ್ತು ತೆರಿಗೆಯಿಂದ 2013–14ರಲ್ಲಿ ಬಂದುದು 1,008 ಕೋಟಿ. ವಸೂಲಿಯ ಶ್ರಮಕ್ಕೆ ಇದು ಸಾಲದೆಂದು ಅರ್ಥಸಚಿವರು ವಾದಿಸಿದರು. ಬೊಕ್ಕಸದ ದೃಷ್ಟಿಯಿಂದ ಇದು ವಿವೇಕವಿರಬಹುದು. ಅದನ್ನು ತೀರ್ಮಾನಿಸುವುದು ನಮ್ಮ ಶಾಸ್ತ್ರದ ಕೆಲಸವಲ್ಲ. ಆದರೆ ತೆರಿಗೆಯೊಂದು ರದ್ದಾದಾಗ ಅದರೊಡನೆ ಒಂದು ದಾಖಲೆಗಳ ಸರಣಿಯೂ ರದ್ದಾಗುತ್ತದೆ. ಯಾರ ಬಳಿ ಏನಿದೆಯೆಂದು ಕೇಳುವ ಅಧಿಕಾರವೇ ಹೋದ ಮೇಲೆ ಉತ್ತರ ಉಳಿಯುವ ಬಗೆ ಹೇಗೆ? ಇದರ ಪರಿಣಾಮ ಈಗಾಗಲೇ ಕಾಣುತ್ತಿದೆ. 2024ರಲ್ಲಿ ಭಾರ್ತಿ, ಶಾನ್ಸೆಲ್, ಪಿಕೆಟ್ಟಿ, ಸೋಮಂಚಿ ಅವರು ಪ್ರಕಟಿಸಿದ ಪ್ರಬಂಧವು 2022–23ರಲ್ಲಿ ಅಗ್ರ ಶೇಕಡ ಒಂದರ ವರ್ಗವು ವರಮಾನದ ಶೇಕಡ 22.6ನ್ನೂ ಸಂಪತ್ತಿನ ಶೇಕಡ 40.1ನ್ನೂ ಹೊಂದಿದೆಯೆನ್ನುತ್ತದೆ. ಈ ಎರಡನೆಯ ಸಂಖ್ಯೆಗೆ ಆಧಾರವಾದವು ಸಾಲ ಮತ್ತು ಹೂಡಿಕೆಯ ಮಾದರಿ ಸಮೀಕ್ಷೆಗಳು ಮತ್ತು ಫೋರ್ಬ್ಸ್ ಪತ್ರಿಕೆಯ ಕುಬೇರರ ಪಟ್ಟಿ. ಮಾದರಿ ಸಮೀಕ್ಷೆಯ ಬಲೆಗೆ ಬೆರಳೆಣಿಕೆಯ ಅತಿ ಶ್ರೀಮಂತರು ಬೀಳುವುದು ಅಪರೂಪ. ಆ ಕೊರತೆಯನ್ನು ವಾರ್ತಾಪತ್ರಿಕೆಯೊಂದರ ಅಂದಾಜಿನಿಂದ ತುಂಬಬೇಕಾಗಿದೆ. ಶಾಸನಗಳ ಕಾಲದಲ್ಲಿ ಸಂಪತ್ತು ಕೀರ್ತಿಯ ಮೂಲಕ ಮಾತ್ರ ತಿಳಿಯುತ್ತಿತ್ತು. ನಾವು ಪುನಃ ಅದೇ ಕಡೆಗೆ ಸಾಗಿದ್ದೇವೆಯೇ ಎಂಬ ಶಂಕೆ ಮೂಡುತ್ತದೆ.

ಕರ್ಣಾಟಕದ ಮಟ್ಟಿಗೆ ನಮಗೆ ಒಂದು ಅಪೂರ್ವ ಆಕರ ಉಳಿದಿದೆ. ಮೇಲೆ ನಾಲ್ಕನೆಯದೆಂದು ಹೇಳಿದ ವ್ಯಾಜ್ಯದ ದಾಖಲೆಗಳೇ ಅವು. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಆಡಳಿತದಲ್ಲಿ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿದಾರರು ‘ನಮೂನೆ 7’ರಲ್ಲಿ ಅರ್ಜಿ ಸಲ್ಲಿಸಿ ಅಧಿಭೋಗದ ಹಕ್ಕನ್ನು ಕೇಳಬಹುದಾಯಿತು. ಕೊನೆಯ ಗಡುವಾದ 1979ರ ಜೂನ್ 30ರ ವೇಳೆಗೆ ಎಂಟು ಲಕ್ಷಕ್ಕೂ ಮೀರಿ ಅರ್ಜಿಗಳು ಬಂದಿದ್ದವು. ಇವುಗಳ ವಿಚಾರಣೆಗೆ ತಾಲ್ಲೂಕುಗಳಲ್ಲಿ ಭೂನ್ಯಾಯ ಮಂಡಳಿಗಳು ಕುಳಿತವು. ಗೇಣಿದಾರರು ಎಷ್ಟು ನೆಲ ಪಡೆದರೆಂಬುದನ್ನು ಕುರಿತು ಸಾಕಷ್ಟು ಬರೆದುದಾಗಿದೆ. ಬಿಟ್ಟುಕೊಟ್ಟವರು ಯಾರು, ಅವರ ಬಳಿ ಒಟ್ಟು ಎಷ್ಟಿತ್ತು, ಆ ಮನೆತನಗಳು ಅನಂತರ ಸಂಪತ್ತನ್ನು ನೆಲದಿಂದ ಯಾವ ಕಡೆಗೆ ತಿರುಗಿಸಿದವು ಎಂಬುದನ್ನು ಕುರಿತು ಬರೆದುದು ಕಡಮೆ. ಭೂಮಿತಿಯನ್ನು ಮೀರಿದವರು ಸಲ್ಲಿಸಬೇಕಾಗಿದ್ದ ಘೋಷಣಾಪತ್ರಗಳೂ ಇದೇ ಕಾಯಿದೆಯ ಫಲ. ಕೃಷಿಯೇತರ ವರಮಾನ ಒಂದು ಮಿತಿಯನ್ನು ದಾಟಿದವರು ಸಾಗುವಳಿ ಭೂಮಿಯನ್ನು ಕೊಳ್ಳಬಾರದೆಂಬ 79ಎ ಪ್ರಕರಣವೂ ಇದರಲ್ಲಿತ್ತು. 2020ರ ತಿದ್ದುಪಡಿಯಿಂದ ಅದು ಹೋಯಿತು.

ಭೂನ್ಯಾಯ ಮಂಡಳಿಯ ಕಡತಗಳ ವಿಶೇಷವೆಂದರೆ, ಉಳ್ಳವನೂ ಇಲ್ಲದವನೂ ಅಲ್ಲಿ ಒಂದೇ ಕಟ್ಟಿನಲ್ಲಿದ್ದಾರೆ. ಒಡೆಯನ ಹೇಳಿಕೆಯ ಬೆನ್ನಿಗೆ ಒಕ್ಕಲಿನ ಹೇಳಿಕೆ. ಗೇಣಿ ಚೀಟಿಯ ಜೊತೆಗೆ ಪಹಣಿ. ಒಂದು ಕಡೆ ಸಹಿ, ಇನ್ನೊಂದು ಕಡೆ ಹೆಬ್ಬೆಟ್ಟಿನ ಗುರುತು. ಬೂತನ ಭೂಪಟದಲ್ಲಾಗಲಿ ರೌನ್‌ಟ್ರೀಯ ಕೋಷ್ಟಕದಲ್ಲಾಗಲಿ ಸಂಪತ್ತು ತೆರಿಗೆಯ ಪತ್ರದಲ್ಲಾಗಲಿ ಇಂಥ ಜೋಡಿ ಸಾಕ್ಷ್ಯ ದೊರೆಯದು. ಈ ಕಡತಗಳು ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಗಳಿಗೆ ಸೇರಿದವು; ಹಕ್ಕಿನ ಪ್ರಶ್ನೆ ತೀರಿದ ಮೇಲೆ ಅವುಗಳನ್ನು ಕೇಳಿಕೊಂಡು ಬರುವವರು ವಿರಳ. ಕಾಗದಕ್ಕೆ ಮಳೆಗಾಲ, ಗೆದ್ದಲುಗಳ ಭಯ ಎಲ್ಲೆಡೆಯೂ ಇರುವಂಥದೇ. ಅರ್ಜಿಗಳು ಅತ್ಯಧಿಕವಾಗಿ ಬಂದ ಕರಾವಳಿ ಮತ್ತು ಮಲೆನಾಡಿನ ಕೆಲವು ತಾಲ್ಲೂಕುಗಳನ್ನಾದರೂ ಆರಿಸಿಕೊಂಡು, ಅರ್ಜಿದಾರನ ಹೆಸರಿನಿಂದಲ್ಲದೆ ಭೂಮಾಲಿಕನ ಹೆಸರಿನಿಂದ ಸೂಚಿಯನ್ನು ತಯಾರಿಸುವುದು ಮೊದಲು ಆಗಬೇಕಾದ ಕೆಲಸ. ಒಬ್ಬ ಒಡೆಯನ ಮೇಲೆ ಎಷ್ಟು ಒಕ್ಕಲುಗಳು, ಎಷ್ಟು ಗ್ರಾಮಗಳಲ್ಲಿ ಅರ್ಜಿ ಹಾಕಿದ್ದರೆಂಬುದು ಆಗ ಒಂದೇ ಪುಟದಲ್ಲಿ ಕಾಣುತ್ತದೆ.